ಹೋಗ್ತೀನಿ ಅನ್ನಬೇಕು, ಅತ್ತೆ

ವಾರ್ಡಮ್ಮನನ್ನು ಅವಳದೇ ಮನೆಯ ಹೊಸ್ತಿಲಿನಾಚೆ, ಚಪ್ಪಲಿಗಳ ರಾಶಿಯ ನಡುವೆ ನಿಲ್ಲಿಸಿದವಳು ಅವಳ ಸ್ವಂತ ಸೊಸೆ. ಒಳಗೆ ಬೆಂಚುಗಳ ಮೇಲೆ ಕೂತಿದ್ದವರೆಲ್ಲ ಗಂಡಸರು, ಹೆಚ್ಚುಕಡಿಮೆ ಅವಳ ಮಗನ ವಯಸ್ಸಿನವರು. ಬೀದಿಯಲ್ಲಿ ಹೋಗುತ್ತಿದ್ದ ತರಕಾರಿ ಗಾಡಿಯವಳು ಗಾಡಿ ನಿಲ್ಲಿಸಿದಳು.

"ಯಾಕಮ್ಮ ಆಚೆ ನಿಂತಿದೀರಿ? ಮನೆಯವರು ಒಳಗೆ ಬಿಡ್ತಿಲ್ವಾ?"

"ಇಲ್ಲಮ್ಮ, ಸ್ವಲ್ಪ ಗಾಳಿಗೆ ನಿಂತಿದೀನಿ."

ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಗಾಡಿಯವಳು ಅವಳನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಗಾಡಿ ತಳ್ಳಿಕೊಂಡು ಹೋದಳು. ವಾರ್ಡಮ್ಮನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ತಾನು ದುಡಿದು ಕಟ್ಟಿಸಿದ ಮನೆ, ತಾನೇ ಬಣ್ಣ ಆರಿಸಿದ ಬಾಗಿಲು, ಅದರಾಚೆ ಯಾರದೋ ಗ್ರೀಸು ಮೆತ್ತಿದ ಬೂಟುಗಳ ಪಕ್ಕದಲ್ಲಿ ತಾನು.

"ಒಳಗೆ ಬರಬಹುದಾ ಅಂತ ಕೇಳಿ," ಎಂದಿತು ಒಳಗಿನಿಂದ ಸೊಸೆಯ ಧ್ವನಿ. "ಆ ಭಾಷೇಲಿ ಕೇಳಬೇಕು. ಸರಿಯಾಗಿ ಕೇಳಿದ್ರೆ ಮಾತ್ರ ಒಳಗೆ."

ಒಂದೆರಡು ಸಲ ಎಡವಿ ಕೊನೆಗೆ ಸರಿಯಾಗಿ ಕೇಳಿದಳು. ಬೆಂಚಿನ ಮೇಲಿದ್ದ ವೆಲ್ಡರ್ ಒಬ್ಬ ಸಂತೋಷದಿಂದ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಈ ಫಜೀತಿಗೆ ಕಾರಣ ಹೇಳಬೇಕು. ಊರಿನಾಚೆ ದೊಡ್ಡ ಫ್ಯಾಕ್ಟರಿ ಬಂದು, ಅದರ ಜೊತೆಗೆ ಬೇರೆ ದೇಶದ ಜನ ಬಂದು, ಅವರ ಬೆನ್ನಿಗೇ ಅವರ ಭಾಷೆಯೂ ಬಂದಿತ್ತು. ಅದಕ್ಕೆ ಅದರದೇ ಹೆಸರಿದ್ದರೂ ಬೀದಿಯವರ ಬಾಯಲ್ಲಿ ಅದು ಫ್ಯಾಕ್ಟರಿ ಭಾಷೆ. ಅದು ಬಂದವರಿಗೆ ಒಳಗೆ ಕೆಲಸ, ಬಾರದವರಿಗೆ ಗೇಟಿನಲ್ಲೇ ನಮಸ್ಕಾರ. ಸೊಸೆ ಅದನ್ನು ಕಾಲೇಜಿನಲ್ಲಿ ಓದಿದವಳು. ಮದುವೆಯಾಗಿ ಬಂದ ವರ್ಷವೇ ಮುಂದಿನ ಕೋಣೆಯಲ್ಲಿ ಬೆಂಚು ಹಾಕಿಸಿ, ಗೋಡೆಗೆ ಬೋರ್ಡು ಹೊಡೆಸಿ ಕ್ಲಾಸು ಶುರುಮಾಡಿದ್ದಳು. ಅವಳ ಹತ್ತಿರ ಕಲಿತವರು ಗೇಟು ದಾಟುತ್ತಾರೆ ಎಂಬ ಹೆಸರಿತ್ತು. ಅವಳ ಬಾಯಿಗೆ ಸಿಕ್ಕವರು ಮನುಷ್ಯರಾಗಿ ಉಳಿಯುವುದಿಲ್ಲ ಎಂಬ ಹೆಸರೂ ಇತ್ತು. ತಪ್ಪು ಹೇಳಿದವರನ್ನು ಹೊಸ್ತಿಲಾಚೆ ಚಪ್ಪಲಿಗಳ ಹತ್ತಿರ ನಿಲ್ಲಿಸುವುದು ಅವಳ ಪದ್ಧತಿ. ವೆಲ್ಡರು, ಫಿಟರು, ಕ್ರೇನ್ ಡ್ರೈವರು, ಎಲ್ಲರೂ ಅಲ್ಲಿ ನಿಂತು ಬಂದವರೇ.

ವಾರ್ಡಮ್ಮ ಎಂಬುದು ಬೀದಿ ಕೊಟ್ಟ ಹೆಸರು. ಹರೆಯದಿಂದ ಹಿಡಿದು ಕೂದಲು ನರೆಯುವವರೆಗೆ ಒಂದು ನರ್ಸಿಂಗ್ ಹೋಮಿನ ಹೆಂಗಸರ ವಾರ್ಡಿನಲ್ಲಿ ಆಯಾ ಆಗಿದ್ದವಳು ಅವಳು. ತನ್ನ ಡ್ಯೂಟಿಯಲ್ಲಿ ಒಬ್ಬರ ಹಾಸಿಗೆಯೂ ಒದ್ದೆಯಾಗಿಲ್ಲ ಎಂದು ಹೇಳಿಕೊಳ್ಳುತ್ತಿದ್ದಳು, ಸ್ವಲ್ಪ ಹೆಚ್ಚಾಗಿಯೇ ಹೇಳಿಕೊಳ್ಳುತ್ತಿದ್ದಳು. ನರ್ಸಿಂಗ್ ಹೋಮ್ ಮುಚ್ಚಿದ ಮೇಲೆ ಮನೆಯಲ್ಲಿ ಕೂತು, ಮಾಡಲು ಕೆಲಸವಿಲ್ಲದೆ ಸೊಸೆ ಈರುಳ್ಳಿ ಹೆಚ್ಚುವ ರೀತಿಯಲ್ಲಿ ತಪ್ಪು ಹುಡುಕುತ್ತಿದ್ದಳು. ಅಷ್ಟರಲ್ಲಿ ಹಳೆಯ ಡಾಕ್ಟರೊಬ್ಬರು ಅವಳನ್ನು ಫ್ಯಾಕ್ಟರಿಯ ಇಂಜಿನಿಯರಮ್ಮನ ಮನೆಗೆ ಕಳಿಸಿದರು. ಆ ಇಂಜಿನಿಯರಮ್ಮ ಪರದೇಶದವರು. ಜೊತೆಗೆ ವಯಸ್ಸಾದ ತಾಯಿ, ಸೊಂಟದ ಆಪರೇಷನ್ ಆದವರು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದರು, ಆದರೆ ಬಚ್ಚಲಿಗೆ ಹೋಗಿ ಕೂತು ಏಳುವುದು ಒಬ್ಬರಿಂದಲೇ ಆಗುತ್ತಿರಲಿಲ್ಲ. ಇಂಜಿನಿಯರಮ್ಮ ವಾರ್ಡಮ್ಮನ ಕೆಲಸ ಒಂದು ದಿನ ನೋಡಿ, ಸೊಸೆಯ ಬಾಯಲ್ಲಿ ಹೇಳಿಸಿದ್ದರು: "ಕೈ ಚೆನ್ನಾಗಿದೆ. ಆದರೆ ಅಮ್ಮನಿಗೆ ಮಾತೂ ಬೇಕು. ಮೂರು ತಿಂಗಳು ಹೀಗೇ ಬರಲಿ, ಅಷ್ಟರಲ್ಲಿ ನಮ್ಮ ಭಾಷೆ ಕಲಿತರೆ ಕೆಲಸ ಕಾಯಂ."

ಹೀಗೆ ವಾರ್ಡಮ್ಮ ಬೆಳಗಿನ ಕ್ಲಾಸಿಗೆ ಸೇರಿದಳು. ಮೊದಲ ದಿನ ಕ್ಲಾಸು ಶುರುವಾಗುವ ಮುಂಚೆಯೇ ಸೊಸೆ ಕಡ್ಡಿ ಮುರಿದಂತೆ ಹೇಳಿದ್ದಳು.

"ಅತ್ತೆ, ಈ ಬೋರ್ಡ್ ಮುಂದೆ ನಾನು ಸೊಸೆ ಅಲ್ಲ. ಎಲ್ಲರ ಥರ ನೀವೂ ಮೇಡಂ ಅನ್ನಬೇಕು. 'ಏ', 'ಬಾರೇ' ಅಂತೆಲ್ಲ ಕರೆಯೋ ಹಾಗಿಲ್ಲ."

"ಅಡುಗೆಮನೇಲಿ?"

"ಅಡುಗೆಮನೇಲಿ ನಿಮ್ಮ ರಾಜ್ಯ."

ವಾರ್ಡಮ್ಮ ಆ ರಾಜ್ಯವನ್ನು ಚೆನ್ನಾಗಿಯೇ ಆಳಿದಳು. ಬೆಳಿಗ್ಗೆ ಚಪ್ಪಲಿ ಹತ್ತಿರ ನಿಂತ ದಿನ ಸಂಜೆ ಬೇಳೆಗೆ ಉಪ್ಪು ಸಾಲದು, ಅನ್ನ ಮುದ್ದೆಯಾಗಿದೆ, ಪಾತ್ರೆಯ ತಳ ಹೊತ್ತಿದೆ. ಊಟಕ್ಕೆ ಕೂತಾಗ ಮಗ ತಟ್ಟೆಯಿಂದ ತಲೆಯೆತ್ತುತ್ತಿರಲಿಲ್ಲ. ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚಿ ಜೋಡಿಸುವವನು ಅವನು, ಈ ಇಬ್ಬರ ನಡುವೆ ಮಾತ್ರ ಅಡಕತ್ತರಿಯಲ್ಲಿ ಸಿಕ್ಕವನು.

"ಅಲ್ಲ ಕಣೋ," ಎಂದಳು ವಾರ್ಡಮ್ಮ, ಗಾಡಿಯವಳು ನೋಡಿದ ದಿನ ರಾತ್ರಿ ಊಟದ ಹೊತ್ತಿಗೆ, "ಹೆತ್ತ ತಾಯಿನ ಹೆಂಡತಿ ಬೀದೀಲಿ ನಿಲ್ಲಿಸ್ತಾಳೆ. ನೀನು ಹಪ್ಪಳ ತಿಂತಾ ಕೂತಿದೀಯ."

"ಬೀದೀಲಲ್ಲ, ಹೊಸ್ತಿಲ ಹತ್ರ," ಎಂದಳು ಸೊಸೆ.

"ಹೊಸ್ತಿಲಾಚೆ ಬೀದಿ ಅಲ್ದೆ ಇನ್ನೇನು, ಅರಮನೇನಾ?"

"ನಾನು ಬೈದ್ರೆ ಮನೆ ಒಳಗೇ ಇರುತ್ತೆ. ಅಲ್ಲಿ ಹೋಗಿ ತಪ್ಪು ಮಾತಾಡಿದ್ರೆ ಊರೆಲ್ಲ ನಗುತ್ತೆ. ಯಾವುದು ಬೇಕು ನೋಡ್ಕೊಳ್ಳಿ."

"ನೀನು ಬೈಯೋದು ಬೀದಿ ಕೊನೇವರೆಗೂ ಕೇಳ್ಸುತ್ತೆ ಕಣಮ್ಮ."

ವಾರ್ಡಮ್ಮನ ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಅವರು ಗೋದಾಮಿನ ವಾಚ್‌ಮನ್ ಆಗಿ ನಿವೃತ್ತರಾದವರು. ಈಗ ಮಂಡಿ ನೋವಿನ ನೆಪದಲ್ಲಿ ಕುರ್ಚಿ ಮೇಲೆ ಕೂತು ತರಕಾರಿ ಹೆಚ್ಚಿಕೊಡುತ್ತ, ಇಬ್ಬರ ಜಗಳವನ್ನೂ ಟಿಕೆಟ್ಟಿಲ್ಲದೆ ನೋಡುತ್ತಿದ್ದರು. ಹೆಂಡತಿ ಅವರ ಕಡೆ ಕಣ್ಣು ಬಿಟ್ಟಾಗ ನೀರಿನ ಲೋಟ ಎತ್ತಿ ಮುಖ ಮರೆಮಾಡಿಕೊಂಡರು.

ಆದರೂ ಭಾಷೆ ಒಂದಿಷ್ಟು ಬರತೊಡಗಿತು. ನೀರು, ಬಿಸಿ, ನೋವು, ಎಲ್ಲಿ, ಇಲ್ಲಿ. ಇಂಜಿನಿಯರಮ್ಮನ ತಾಯಿ, ಆ ಅಜ್ಜಿಯನ್ನು ಮಗ್ಗುಲು ತಿರುಗಿಸುವಾಗ "ನೋವಾ?" ಎಂದು ಅವರದೇ ಮಾತಿನಲ್ಲಿ ಕೇಳಿದ ದಿನ ಅವರು ಇವಳ ಕೆನ್ನೆ ತಟ್ಟಿದ್ದರು. ಅಂದಿನಿಂದ ಅಜ್ಜಿಯ ಬಾಯಿ ಬಿಟ್ಟ ನಲ್ಲಿಯಾಯಿತು. ಗಂಡನ ಫೋಟೊ ತೋರಿಸಿ ಏನೋ, ಕಿಟಕಿಯಾಚೆ ಬೆಕ್ಕು ತೋರಿಸಿ ಏನೋ ಹೇಳುವರು. ವಾರ್ಡಮ್ಮನಿಗೆ ಹತ್ತರಲ್ಲಿ ಒಂದು ಅರ್ಥವಾದರೆ ಹೆಚ್ಚು. ಅರ್ಥವಾಗಲಿಲ್ಲ ಎಂದು ಹೇಳುವುದಕ್ಕೆ ನಾಚಿಕೆ. ಎಲ್ಲದಕ್ಕೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು. ಅಜ್ಜಿ ನಕ್ಕರೆ ತಾನೂ ನಗುವುದು, ಅವರು ಕಣ್ಣೊರೆಸಿಕೊಂಡರೆ ತಾನು ಲೊಚಗುಟ್ಟುವುದು.

ತೊಡಕು ಬಂದದ್ದು ಒಂದು ಚಿಕ್ಕ ಮಾತಿನಲ್ಲಿ. ಆ ವಾರ ಕ್ಲಾಸಿನಲ್ಲಿ ಹೊರಡುವಾಗ ಹೇಳುವ ಮಾತುಗಳ ಪಾಠ. ಒಬ್ಬೊಬ್ಬರೂ ಎದ್ದು, ಬಾಗಿಲವರೆಗೆ ಹೋಗಿ, ಅಲ್ಲಿಂದ ತಿರುಗಿ ಹೇಳಬೇಕು. ವೆಲ್ಡರ್ ಹೇಳಿದ, ಫಿಟರ್ ಹೇಳಿದ. ವಾರ್ಡಮ್ಮ ಎದ್ದು ಹೋಗಿ, ಬಾಗಿಲಲ್ಲಿ ತಿರುಗಿ, ಆ ಭಾಷೆಯಲ್ಲಿ "ಬರುತ್ತೇನೆ" ಎಂದಳು.

"ತಪ್ಪು," ಎಂದಳು ಸೊಸೆ. "ಎಲ್ಲಿಗೆ ಬರ್ತೀರಿ? ನೀವು ಹೋಗ್ತಾ ಇದೀರಿ. ಹೋಗ್ತೀನಿ ಅನ್ನಬೇಕು."

"ಬರುತ್ತೇನೆ," ಎಂದಳು ವಾರ್ಡಮ್ಮ ಮತ್ತೆ.

"ತಪ್ಪು! ಆ ಭಾಷೇಲಿ ಬರ್ತೀನಿ ಅಂದ್ರೆ ಬರ್ತೀನಿ ಅಂತಲೇ ಅರ್ಥ. ನಮ್ಮ ಥರ ಸುತ್ತಿ ಬಳಸಿ ಮಾತಾಡಲ್ಲ ಅವರು. ಇನ್ನೊಂದು ಸಲ."

ವಾರ್ಡಮ್ಮನ ನಾಲಗೆ ಹೊರಳಲಿಲ್ಲ. ಮಾತು ಗೊತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

"ಒಂದು ಮನೆಯಿಂದ ಹೊರಡುವಾಗ ಹೋಗ್ತೀನಿ ಅಂತ ಹೇಗಮ್ಮ ಅನ್ನೋದು? ಅದೂ ಕಾಯಿಲೆಯವರ ಮುಂದೆ? ವಾರ್ಡಲ್ಲಿ 'ಹೋದ್ರು' ಅಂದ್ರೆ ಏನರ್ಥ ಗೊತ್ತಾ ನಿನಗೆ?"

"ಇದು ವಾರ್ಡಲ್ಲ. 'ನಿನಗೆ' ಅಲ್ಲ, 'ನಿಮಗೆ'."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೊಸೆ ಚಾಕ್‌ಪೀಸಿನಿಂದ ಹೊಸ್ತಿಲಾಚೆ ತೋರಿಸಿದಳು. "ಬಾಯಲ್ಲಿ ಬರೋವರೆಗೂ ಅಲ್ಲೇ ನಿಂತಿರಿ. ಇಷ್ಟು ದೊಡ್ಡವರಾಗಿ ಒಂದು ಮಾತಿಗೆ ಇಷ್ಟು ಹಟ. ಚಿಕ್ಕ ಮಕ್ಕಳೇ ವಾಸಿ."

ವಾರ್ಡಮ್ಮ ಹೊಸ್ತಿಲಾಚೆ ಹೋಗಲಿಲ್ಲ. ಬೆಂಚಿನ ಹತ್ತಿರ ಬಂದು ತನ್ನ ಕೈಚೀಲ ಎತ್ತಿಕೊಂಡಳು.

"ನಿನ್ನ ಪಾಠ ನಿನ್ನ ಹತ್ರಾನೇ ಇರಲಿ. ನನಗೆ ಬಂದಿದ್ದು ಸಾಕು."

ಅಲ್ಲಿಗೆ ಕ್ಲಾಸು ಮುಗಿಯಿತು, ಮನೆಯಲ್ಲಿ ಮೌನ ಶುರುವಾಯಿತು. ಇಬ್ಬರು ಹೆಂಗಸರೂ ಯಜಮಾನರ ಮೂಲಕ ಮಾತಾಡತೊಡಗಿದರು.

"ಮಾವ, ಗ್ಯಾಸ್ ಮುಗೀತಾ ಬಂತು ಅಂತ ಹೇಳಿ."

"ರೀ, ಕಣ್ಣು ನನಗೂ ಇದೆ ಅಂತ ಹೇಳಿ."

"ನನಗೆ ಸಂಬಳ ಯಾರು ಕೊಡ್ತೀರಿ?" ಎಂದರು ಯಜಮಾನರು. ಯಾರೂ ನಗಲಿಲ್ಲ. ಮಗ ಡಿಪೋದಲ್ಲಿ ಕೆಲಸ ಜಾಸ್ತಿ ಎಂದು ಹೇಳಿ ಮನೆಗೆ ತಡವಾಗಿ ಬರುವುದನ್ನು ರೂಢಿ ಮಾಡಿಕೊಂಡ.

ಅಜ್ಜಿಯ ಮನೆಯಲ್ಲಿ ಮಾತ್ರ ವಾರ್ಡಮ್ಮ ನೆಮ್ಮದಿಯಾಗಿದ್ದಳು. ಪ್ರತಿ ಸಂಜೆ ಇಂಜಿನಿಯರಮ್ಮ ಬಂದ ಮೇಲೆ ಚೀಲ ಹೆಗಲಿಗೆ ಹಾಕಿಕೊಂಡು, ಅವರ ಭಾಷೆಯಲ್ಲೇ "ಬರುತ್ತೇನೆ" ಎನ್ನುವಳು. ಇಂಜಿನಿಯರಮ್ಮ ಕೈ ಬೀಸುವರು. ಯಾರೂ ತಪ್ಪು ಎನ್ನಲಿಲ್ಲ. ನೋಡು, ನಡೆಯುತ್ತಿದೆಯಲ್ಲ, ಎಂದು ಮನಸ್ಸಿನಲ್ಲೇ ಸೊಸೆಗೆ ಮೂಗು ಮುರಿಯುವಳು.

ಒಂದು ದಿನ ಇಂಜಿನಿಯರಮ್ಮ ಬೆಳಿಗ್ಗೆ ಹೊರಡುವಾಗ ಗಡಿಯಾರ ತೋರಿಸಿ, ಇವತ್ತು ಬರುವುದು ಸ್ವಲ್ಪ ತಡ, ಅಮ್ಮನಿಗೆ ಊಟ ಇಟ್ಟು ನೀವು ಹೊರಡಿ ಎಂದು ಕೈಸನ್ನೆಯಲ್ಲಿ ಹೇಳಿದರು. ಸಂಜೆ ವಾರ್ಡಮ್ಮ ಅಜ್ಜಿಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದಳು. ಮೇಜಿನ ಮೇಲೆ ಊಟ ಮುಚ್ಚಿಟ್ಟಳು, ನೀರಿಟ್ಟಳು, ದೀಪ ಹಾಕಿದಳು. ಅಜ್ಜಿ ಅವಳ ಕೈ ಹಿಡಿದುಕೊಂಡು ಉದ್ದವಾಗಿ ಏನೋ ಕೇಳಿದರು. ಕೊನೆಯಲ್ಲಿ ಪ್ರಶ್ನೆಯ ಎಳೆತವಿತ್ತು. ವಾರ್ಡಮ್ಮ ಹೌದು ಹೌದು ಎಂದಳು. ಅಜ್ಜಿಯ ಮುಖ ಅರಳಿತು. ಬಾಗಿಲಲ್ಲಿ ನಿಂತು, ನಗುನಗುತ್ತ "ಬರುತ್ತೇನೆ" ಎಂದು ಹೇಳಿ ಬಾಗಿಲು ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಾಗ ಕ್ಲಾಸಿನ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಪರದೆ ಸರಿಸಿ ನೋಡಿದರೆ ಇಂಜಿನಿಯರಮ್ಮ ಚಪ್ಪಲಿಗಳ ನಡುವೆ ನಿಂತಿದ್ದರು. ಕಣ್ಣು ಕೆಂಪಾಗಿತ್ತು. ಒಳಗೆ ಬರಲಿಲ್ಲ, ಅಲ್ಲಿಂದಲೇ ಸೊಸೆಯ ಹತ್ತಿರ ಜೋರಾಗಿ, ಬಿರುಸಾಗಿ ಮಾತಾಡುತ್ತಿದ್ದರು. ವಾರ್ಡಮ್ಮನ ಕಿವಿಗೆ ಅಲ್ಲೊಂದು ಇಲ್ಲೊಂದು ಮಾತು ಬಿತ್ತು. ಅಮ್ಮ. ಬಾಗಿಲು. ತಟ್ಟೆ. ಬರುತ್ತೇನೆ. ಬರುತ್ತೇನೆ ಎಂಬುದನ್ನು ಅವರು ವಾರ್ಡಮ್ಮನ ಉಚ್ಚಾರದಲ್ಲೇ ಹೇಳಿದರು.

"ಅತ್ತೆ, ಬನ್ನಿ," ಎಂದಳು ಸೊಸೆ. ಆ ಕೋಣೆಯಲ್ಲಿ ಅವಳು ಮೇಡಂ ಆಗಿದ್ದಾಗ ಹಾಗೆ ಕರೆದದ್ದು ಅದೇ ಮೊದಲು.

ಅವಳು ಬಂದು ನಿಂತಳು. ಸೊಸೆ ಇವಳ ಕಡೆ ನೋಡಲಿಲ್ಲ, ಏನನ್ನೂ ಕನ್ನಡದಲ್ಲಿ ಹೇಳಲೂ ಇಲ್ಲ. ಇಂಜಿನಿಯರಮ್ಮನ ಕಡೆ ತಿರುಗಿ, ನಿಧಾನವಾಗಿ, ಕೈ ಕಟ್ಟಿಕೊಂಡು ಒಂದು ಮಾತು ಹೇಳಿದಳು. ಆ ಮಾತು ಮಾತ್ರ ವಾರ್ಡಮ್ಮನಿಗೆ ಪೂರ್ತಿ ಅರ್ಥವಾಯಿತು. "ತಪ್ಪು ನನ್ನದು. ನಾನು ತಪ್ಪಾಗಿ ಕಲಿಸಿದೆ." ಅರ್ಥವಾಗದೆ ಇರುತ್ತದೆಯೇ? ಆ ಭಾಷೆಯಲ್ಲಿ ಅವಳು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದ ಮಾತೇ 'ತಪ್ಪು'.

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಬೆಂಚಿನ ಮೇಲಿದ್ದವರಿಗೆಲ್ಲ ನಿಜ ಗೊತ್ತು. ಆ ಮಾತಿಗಾಗಿ ಸೊಸೆ ಗಂಟಲು ಹರಿದುಕೊಂಡದ್ದನ್ನು, ಇವಳು ಚೀಲ ಎತ್ತಿಕೊಂಡು ಹೋದದ್ದನ್ನು ಅವರೇ ಕಣ್ಣಾರೆ ಕಂಡಿದ್ದರು.

"ಇಲ್ಲ," ಎಂದಳು ವಾರ್ಡಮ್ಮ ಆ ಭಾಷೆಯಲ್ಲಿ. "ಟೀಚರ್ ಸರಿ. ನಾನು ತಪ್ಪು. ಟೀಚರ್ ಹೇಳಿದಳು. ನಾನು... ಕಲಿ ಇಲ್ಲ."

ತಿದ್ದುವುದಕ್ಕೆಂದು ಸೊಸೆಯ ತುಟಿ ಅಲುಗಿತು. ಆಮೇಲೆ ಮುಚ್ಚಿಕೊಂಡಿತು. ಇಂಜಿನಿಯರಮ್ಮ ಇಬ್ಬರನ್ನೂ ನೋಡಿದರು. ಇನ್ನೊಂದೆರಡು ಮಾತು ಹೇಳಿ, ಚಪ್ಪಲಿಗಳನ್ನು ದಾಟಿಕೊಂಡು ಹೊರಟುಹೋದರು.

"ಏನಂದ್ರು?"

"ಇನ್ಮೇಲೆ ಬರೋದು ಬೇಡ ಅಂದ್ರು. ಬೇರೆಯವರನ್ನ ನೋಡ್ಕೋತಾರಂತೆ."

"ಅದಲ್ಲ. ರಾತ್ರಿ ಏನಾಯ್ತು? ಎಲ್ಲಾ ಹೇಳು. ಒಂದೂ ಬಿಡಬೇಡ."

"ಅತ್ತೆ, ಒಳಗೆ ಹೋಗಿ ಮಾತಾಡೋಣ."

"ಇಲ್ಲೇ ಹೇಳು. ಇವರ ಮುಂದೆ ತಾನೆ ನಾನು ಹಾರಾಡಿದ್ದು."

ಸೊಸೆ ಹೇಳಿದಳು. ಫ್ಯಾಕ್ಟರಿಯಲ್ಲಿ ಯಾವುದೋ ಮೆಷಿನ್ ಕೆಟ್ಟು ನಿಂತು ಇಂಜಿನಿಯರಮ್ಮ ಮನೆಗೆ ಬರುವಾಗ ತೀರ ತಡವಾಗಿತ್ತು. ಅಜ್ಜಿ ಇವಳನ್ನು ಕೇಳಿದ್ದು, ಮಗಳು ಬರುವವರೆಗೆ ಒಬ್ಬಳೇ ಇರುವುದಕ್ಕೆ ಭಯ, ನೀನು ಮನೆಗೆ ಹೋಗಿ ಬೇಗ ವಾಪಸು ಬರುತ್ತೀಯಾ, ಇಬ್ಬರೂ ಸೇರಿ ಊಟ ಮಾಡೋಣವಾ ಎಂದು. ಇವಳು ಹೌದು ಎಂದಿದ್ದಳು, ಬರುತ್ತೇನೆ ಎಂದಿದ್ದಳು. ಅಜ್ಜಿ ವಾಕರ್ ಹಿಡಿದು ಹೋಗಿ ಇನ್ನೊಂದು ತಟ್ಟೆ ತಂದು ಮೇಜಿನ ಮೇಲಿಟ್ಟಿದ್ದರು. ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದರು. ಊಟ ಮುಟ್ಟಿರಲಿಲ್ಲ. ಬಚ್ಚಲಿಗೆ ಹೋಗಬೇಕೆನಿಸಿದಾಗಲೂ, ಈಗ ಬರುತ್ತಾಳೆ ಈಗ ಬರುತ್ತಾಳೆ ಎಂದು ತಡೆದುಕೊಂಡಿದ್ದರು. ಮಗಳು ಬಂದು ಬಾಗಿಲು ತೆರೆದಾಗ ಬಂದವಳು ಇವಳೇ ಎಂದು ಮೊದಲು ಕತ್ತೆತ್ತಿ ನೋಡಿ, ಆಮೇಲೆ ಮುಖ ಮುಚ್ಚಿಕೊಂಡರಂತೆ. ಕುರ್ಚಿ, ಬಟ್ಟೆ, ಎಲ್ಲ ಒದ್ದೆ.

ಬೆಂಚಿನ ಮೇಲಿದ್ದವರು ನೆಲ ನೋಡುತ್ತಿದ್ದರು. ವೆಲ್ಡರ್ ಎದ್ದು ವಾರ್ಡಮ್ಮನಿಗೆ ಜಾಗ ಬಿಟ್ಟುಕೊಟ್ಟ. ಅವಳು ಕೂರಲಿಲ್ಲ. ತಾನು ಕೊಚ್ಚಿಕೊಂಡದ್ದೆಲ್ಲ ನೆನಪಾಯಿತು. ಕಾಯಿಲೆಯವರಿಗೆ ಬೇರೆ ಎಲ್ಲ ನೋವಿಗಿಂತ ಈ ಒಂದು ನಾಚಿಕೆ ಹೆಚ್ಚೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ಹೋಗಿ, ಆರಿದ ಚಹಾವನ್ನು ತೊಟ್ಟಿಗೆ ಚೆಲ್ಲಿ, ಗೋಡೆಗೆ ಮುಖ ಮಾಡಿ ನಿಂತಳು.

ಆಮೇಲಿನ ದಿನಗಳಲ್ಲಿ ಅವಳು ಬಾಗಿಲ ಹೊರಗೆ ಕಾಲಿಡಲಿಲ್ಲ. ತರಕಾರಿ ಗಾಡಿಯವಳು ಕೂಗಿದರೆ ಯಜಮಾನರನ್ನು ಕಳಿಸುವಳು. ಸೊಸೆಯ ಅಡುಗೆಯಲ್ಲಿ ಒಂದು ತಪ್ಪೂ ಹುಡುಕಲಿಲ್ಲ. ಬೇಳೆಗೆ ನಿಜವಾಗಿಯೂ ಉಪ್ಪು ಬಿದ್ದಿರದ ದಿನವೂ ಸುಮ್ಮನೆ ಉಂಡು ಎದ್ದಳು. ಅದನ್ನು ನೋಡಿ ಮಗನಿಗೆ ಹೆದರಿಕೆಯಾಯಿತು.

"ಅಮ್ಮ, ಏನಾದ್ರೂ ಬೈಯಮ್ಮ. ಮನೆ ಬಿಕೋ ಅಂತಿದೆ."

"ಬೈಯೋಕೆ ಮುಖ ಬೇಕಲ್ಲಪ್ಪ."

"ಹೋಗಿ ಆ ಅಜ್ಜಿಗೆ ಒಂದು ಮಾತು ಹೇಳಿ ಬಾ," ಎಂದರು ಯಜಮಾನರು. "ಮನಸ್ಸು ಹಗುರ ಆಗುತ್ತೆ."

"ಯಾವ ಮಾತು ರೀ? ನನ್ನ ಹತ್ರ ಆ ಮಾತೇ ಇಲ್ಲ. ನೀರು, ಬಿಸಿ, ನೋವು. ಇದರಲ್ಲಿ ಯಾವುದನ್ನ ಹೇಳಲಿ?"

"ಸೊಸೇನ ಕರ್ಕೊಂಡು ಹೋಗು. ಅವಳು ಹೇಳ್ತಾಳೆ."

"ನನ್ನ ತಪ್ಪಿಗೆ ಅವಳ ಬಾಯಿ ಒಂದು ಸಲ ಸಾಲ ತಗೊಂಡಿದ್ದೇ ಸಾಕು."

ಮರುದಿನ ಬೆಳಿಗ್ಗೆ ಅವಳು ಹಿಂದಿನ ಬೆಂಚಿಗೆ ಬಂದು ಕೂತಳು. ಸೊಸೆ ಬೋರ್ಡಿನಿಂದ ತಿರುಗಿ ನೋಡಿದಳು.

"ಮೇಡಂ," ಎಂದಳು ವಾರ್ಡಮ್ಮ ಎದ್ದು ನಿಂತು, "ತಪ್ಪಾಯ್ತು ಅನ್ನೋದಕ್ಕೆ ಏನನ್ನಬೇಕು?"

ಸೊಸೆಯ ಧ್ವನಿ ಎಂದಿನಂತೆಯೇ ಒರಟಾಗಿ ಬಂತು.

"ಆ ಭಾಷೇಲಿ ತಪ್ಪಾಯ್ತು ಅನ್ನೋಕೆ ಬರಲ್ಲ."

"ಅವರು ತಪ್ಪೇ ಮಾಡಲ್ವಾ?" ಎಂದ ವೆಲ್ಡರ್.

"ಮಾಡ್ತಾರೆ. ಮಾಡಿದೋರು ಯಾರು ಅಂತ ಹೇಳಬೇಕು. ತಪ್ಪಾಯ್ತು ಅಂದ್ರೆ ತಾನಾಗೇ ಆಯ್ತಾ? ಮಳೆ ಬಂದ ಹಾಗೆ? ನಾನು ತಪ್ಪು ಮಾಡಿದೆ ಅನ್ನಬೇಕು. ಏನು ತಪ್ಪು ಅಂತಲೂ ಹೇಳಬೇಕು. ಹೇಳಿ. ನಾನು."

"ನಾನು," ಎಂದಳು ವಾರ್ಡಮ್ಮ.

"ನಿಮ್ಮನ್ನು."

"ನಿಮ್ಮನ್ನು."

"ಕಾಯಿಸಿದೆ."

ಆ ಮಾತಿನ ನಡುವೆ ಗಂಟಲಿನಿಂದ ಬರುವ ಒಂದು ಸದ್ದಿತ್ತು. ಅದು ವಾರ್ಡಮ್ಮನಿಗೆ ಬರಲಿಲ್ಲ. ತಪ್ಪು ಎಂದಳು ಸೊಸೆ. ವಾರ್ಡಮ್ಮ ಮತ್ತೆ ಹೇಳಿದಳು. ಮತ್ತೆ ತಪ್ಪು. ಎರಡು ಕಣ್ಣಿನಿಂದಲೂ ನೀರು ಇಳಿಯಿತು, ಆಗಲೂ ಸೊಸೆ ಬಿಡಲಿಲ್ಲ. "ಅಳೋದಾದ್ರೆ ಅತ್ತು ಮುಗಿಸಿ. ಮೂಗು ಕಟ್ಟಿದ್ರೆ ಆ ಸದ್ದು ಬರಲ್ಲ," ಎಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಯಜಮಾನರಿಗೆ ತಡೆಯಲಾಗಲಿಲ್ಲ.

"ಇವತ್ತಿಗೆ ಬಿಟ್ಬಿಡಮ್ಮ, ಪಾಪ."

"ನೀವು ಸುಮ್ನಿರಿ," ಎಂದಳು ವಾರ್ಡಮ್ಮ. "ಅವಳು ಬಿಡಬಾರದು."

ಯಾರೂ ಹೇಳದೆಯೇ ಹೊಸ್ತಿಲಾಚೆ ಹೋಗಿ ಚಪ್ಪಲಿಗಳ ಹತ್ತಿರ ನಿಂತಳು. ಗಾಡಿಯವಳು ಹೋಗುತ್ತ ನೋಡಿದಳು. ನೋಡಲಿ. ಅಲ್ಲಿಂದಲೇ ಒಂದೊಂದು ಸಲವೂ ಒಳಗೆ ಕೂಗಿ ಹೇಳಿದಳು, ಒಳಗಿನಿಂದ ಒಂದೊಂದು ಸಲವೂ ತಪ್ಪು ಎಂಬ ಉತ್ತರ ಬಂತು.

ಹೀಗೆ ಎರಡು ವಾರವೇ ಆಗಿರಬೇಕು. ಈಗ ಅಡುಗೆಮನೆಯಲ್ಲೂ ಪಾಠ. ವಾರ್ಡಮ್ಮ ಬೆಳ್ಳುಳ್ಳಿ ಸುಲಿಯುತ್ತ ಗೊಣಗುವಳು, ಒಲೆಯ ಹತ್ತಿರದಿಂದ ಸೊಸೆ ತಿರುಗದೆಯೇ ತಿದ್ದುವಳು. ಒಂದು ಸಂಜೆ ತಿದ್ದಲಿಲ್ಲ.

"ಯಾಕೆ ಸುಮ್ನಾದೆ?"

"ಸರಿ ಬಂತು."

"ಇನ್ನೊಂದು ಸಲ ಕೇಳು, ಕಣೇ."

"ಸರಿ ಬಂತು ಅಂದ್ನಲ್ಲ, ಅತ್ತೆ. ನಾಳೆ ಹೋಗಿ ಬನ್ನಿ." ಸೊಸೆ ಹೇಳುತ್ತ ಒಗ್ಗರಣೆಯ ಸೌಟನ್ನು ಸುಮ್ಮನೆ ತಿರುಗಿಸುತ್ತಿದ್ದಳು. "ಆ ದಿನ ನಿಮಗಿಂತ ಚಿಕ್ಕ ಮಕ್ಕಳೇ ವಾಸಿ ಅಂತ ಬಾಯಿಗೆ ಬಂದ್ಬಿಡ್ತು. ಹಾಗನ್ನಬಾರದಿತ್ತು."

"ಅಂದಿದ್ದು ಯಾರು?"

"ನಾನು ಅಂದೆ," ಎಂದಳು ಸೊಸೆ. ಅವಳ ಕಿವಿ ಕೆಂಪಾಗಿತ್ತು.

ಅಜ್ಜಿಯ ಮನೆಯ ಬಾಗಿಲು ತೆರೆದದ್ದು ಹೊಸ ಆಯಾ, ಗಟ್ಟಿಮುಟ್ಟಾದ ಹೆಂಗಸು. ವಾರ್ಡಮ್ಮ ತಾನು ಯಾರೆಂದು ಹೇಳಿದಾಗ ಅವಳ ಹುಬ್ಬು ಮೇಲೇರಿತು. ಎಲ್ಲ ಕೇಳಿದ್ದಳು ಎಂದು ತೋರುತ್ತದೆ. ಒಳಗೆ ಬಿಡುವುದೋ ಬೇಡವೋ ಎಂದು ಯೋಚಿಸಿ, ಕೊನೆಗೆ ಪಕ್ಕಕ್ಕೆ ಸರಿದಳು. ಬಾಗಿಲ ಹತ್ತಿರ ಮೊದಲಿದ್ದ ಕುರ್ಚಿ ಈಗ ಇರಲಿಲ್ಲ. ಅಜ್ಜಿ ಹಾಸಿಗೆಯ ಅಂಚಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಹೆಜ್ಜೆ ಸಪ್ಪಳ ಕೇಳಿ ತಿರುಗಿ ನೋಡಿದರು. ಯಾರೆಂದು ತಿಳಿದ ತಕ್ಷಣ ಮುಖ ಮತ್ತೆ ಕಿಟಕಿಯ ಕಡೆ ಹೋಯಿತು. ಕತ್ತಿನವರೆಗೂ ರಂಗೇರಿತ್ತು. ಅವರಿಗೂ ನಾಚಿಕೆ ಎಂದು ವಾರ್ಡಮ್ಮನಿಗೆ ಅರ್ಥವಾಯಿತು. ನಾಚಿಕೆಪಡಬೇಕಾದವಳು ತಾನು, ಪಡುತ್ತಿರುವವರು ಅವರು. ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು. ಹಲ್ಲು ಕಚ್ಚಿ ನಿಂತಳು.

"ನಾನು ತಪ್ಪು ಮಾಡಿದೆ," ಎಂದಳು ಅವರ ಭಾಷೆಯಲ್ಲಿ. "ನನಗೆ ಅರ್ಥವಾಗಲಿಲ್ಲ. ಆದರೂ ಹೌದು ಎಂದೆ. ನಾನು ನಿಮ್ಮನ್ನು ಕಾಯಿಸಿದೆ."

ಅಜ್ಜಿ ಅಲುಗಲಿಲ್ಲ. ಹೊಸ ಆಯಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡುತ್ತ ನಿಂತಿದ್ದಳು. ಕಲಿತದ್ದು ಅಷ್ಟೇ. ಇನ್ನು ಹೇಳುವುದಕ್ಕೆ ವಾರ್ಡಮ್ಮನ ಹತ್ತಿರ ಒಂದು ಮಾತೂ ಇರಲಿಲ್ಲ. ಹಾಗಾಗಿ ಮೊದಲಿನಿಂದ ಪೂರ್ತಿ ಇನ್ನೊಂದು ಸಲ ಹೇಳಿದಳು. ಕೊನೆಯ ಮಾತಿನಲ್ಲಿ ಆ ಗಂಟಲಿನ ಸದ್ದು ಕೆಟ್ಟುಹೋಯಿತು.

ಅಜ್ಜಿ ತಿರುಗಿದರು. ಅವಳನ್ನು ಮೇಲಿಂದ ಕೆಳಗೆ ನೋಡಿದರು, ಹೆಗಲಿನ ಚೀಲ ನೋಡಿದರು, ಗೋಡೆಯ ಗಡಿಯಾರ ನೋಡಿದರು.

"ನೀನು ತಡ ಮಾಡಿದೆ," ಎಂದರು.

ಕ್ಲಾಸಿಗೆ ಹೊತ್ತಾಗಿ ಬಂದವರಿಗೆ ಸೊಸೆ ದಿನವೂ ಎಸೆಯುತ್ತಿದ್ದ ಮಾತು ಅದು. ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹೌದು," ಎಂದಳು ವಾರ್ಡಮ್ಮ. ಈ ಸಲ ಅರ್ಥವಾಗಿಯೇ ಹೌದು ಎಂದಳು. "ನಾನು ತಡ ಮಾಡಿದೆ."

ಅಜ್ಜಿ ಎರಡೂ ಕೈ ಮುಂದೆ ಚಾಚಿ, ಬಚ್ಚಲಿನ ಕಡೆ ಗದ್ದ ತೋರಿಸಿದರು. ಹೊಸ ಆಯಾ ಅವಸರದಿಂದ ಮುಂದೆ ಬಂದಳು. ಅಜ್ಜಿ ಅವಳಿಗೆ ಬೇಡವೆಂದು ತಲೆಯಾಡಿಸಿ, ಚಾಚಿದ ಕೈಯನ್ನು ಹಾಗೆಯೇ ಹಿಡಿದಿದ್ದರು. ವಾರ್ಡಮ್ಮ ಚೀಲ ನೆಲಕ್ಕಿಟ್ಟು, ಬಗ್ಗಿ, ಅವರ ಕಂಕುಳಡಿ ತನ್ನ ಕೈ ಸೇರಿಸಿದಳು.